ಪೂರ್ವಪಕ್ಷದಲ್ಲಿ ಉಳಿದ ಸಂಶಯ: ಸಾವು, ಆಗಮ ಮತ್ತು ಆಪ್ತವಾಕ್ಯದ ಬಗೆಗಿನ ಅಪನಂಬಿಕೆಯ ಚರಿತ್ರೆ

ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಒಂದು ಮತವನ್ನು ಸ್ಥಾಪಿಸುವ ಮೊದಲು ಅದಕ್ಕೆ ಎದುರಾದ ವಾದವನ್ನು ವಿವರವಾಗಿ ಮುಂದಿಡುವ ಪದ್ಧತಿಯಿದೆ. ಹೀಗೆ ಮೊದಲು ನಿಲ್ಲಿಸುವ ಎದುರುವಾದಕ್ಕೆ ಪೂರ್ವಪಕ್ಷವೆಂದೂ, ಅದಕ್ಕೆ ಕೊಡುವ ಸಮಾಧಾನಕ್ಕೆ ಉತ್ತರಪಕ್ಷವೆಂದೂ, ಕೊನೆಯಲ್ಲಿ ನಿಲ್ಲುವ ನಿರ್ಣಯಕ್ಕೆ ಸಿದ್ಧಾಂತವೆಂದೂ ಹೆಸರು. ಸಾವಿನ ಆಚೆಗೆ ಏನೂ ಇಲ್ಲವೆಂದವರ, ವೇದ ಹೇಳಿದೆ ಅಥವಾ ಗುರು ಹೇಳಿದ್ದಾನೆ ಎಂಬ ಮಾತ್ರಕ್ಕೆ ಯಾವುದನ್ನೂ ಒಪ್ಪಲಾರೆವೆಂದವರ ವಿಚಾರಗಳು ಇಂದಿನವರೆಗೆ ತಲುಪಿರುವುದು ಬಹುಮಟ್ಟಿಗೆ ಈ ಪದ್ಧತಿಯ ಮೂಲಕವೇ. ಲೋಕಾಯತರು, ಚಾರ್ವಾಕರು, ಬಾರ್ಹಸ್ಪತ್ಯರು ಎಂದು ಬೇರೆ ಬೇರೆ ಹೆಸರು ಪಡೆದ ಈ ವಾದಿಗಳ ಮೂಲ ಸೂತ್ರಗ್ರಂಥವೂ ಅದರ ವ್ಯಾಖ್ಯಾನಗಳೂ ಉಳಿದಿಲ್ಲ. ಉಳಿದಿರುವುದು ಬೌದ್ಧರು, ಜೈನರು, ನೈಯಾಯಿಕರು, ವೇದಾಂತಿಗಳು ಖಂಡಿಸುವುದಕ್ಕಾಗಿ ತಂತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಭಾಗಗಳು ಮಾತ್ರ. ಆದರೂ ಈ ಭಾಗಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಸಂಶಯವು ಈ ನೆಲದ ಚಿಂತನೆಗೆ ಹೊರಗಿನಿಂದ ಬಂದದ್ದಲ್ಲ ಎಂಬುದು ಒಂದು. ನಂಬಿಕೆಯ ಪರವಾಗಿ ವಾದಿಸಿದವರು ಪ್ರಮಾಣವೆಂದರೇನು, ಸಾಕ್ಷಿಯೆಂದರೇನು ಎಂಬುದನ್ನು ಅಷ್ಟು ಸೂಕ್ಷ್ಮವಾಗಿ ವಿವೇಚಿಸಬೇಕಾಗಿ ಬಂದದ್ದಕ್ಕೆ ಈ ಸಂಶಯಿಗಳು ಒಂದು ಮುಖ್ಯ ಕಾರಣ ಎಂಬುದು ಇನ್ನೊಂದು.

ಆರಂಭದ ಸಂಶಯಗಳು

ಸಂಶಯದ ಕುರುಹುಗಳು ವೇದಗಳಲ್ಲಿಯೇ ಸಿಗುತ್ತವೆ. ಋಗ್ವೇದದ ಎಂಟನೆಯ ಮಂಡಲದ ಒಂದು ಸೂಕ್ತದಲ್ಲಿ ಇಂದ್ರನೆಂಬವನು ಇಲ್ಲ, ಅವನನ್ನು ಕಂಡವರು ಯಾರು ಎಂದು ಕೇಳುವ ಧ್ವನಿಯೊಂದು ಕೇಳಿಸುತ್ತದೆ. ಎರಡನೆಯ ಮಂಡಲದ ಇಂದ್ರಸೂಕ್ತವು ಅವನಿಲ್ಲವೆನ್ನುವ ಜನರಿದ್ದಾರೆಂಬುದನ್ನು ಒಪ್ಪಿಕೊಂಡೇ ಅವನನ್ನು ಸ್ತುತಿಸುತ್ತದೆ. ವೇದದ ಪದಗಳಿಗೆ ನಿರ್ವಚನ ಹೇಳಿದ ಯಾಸ್ಕನ ನಿರುಕ್ತದಲ್ಲಿ ಕೌತ್ಸನೆಂಬವನ ಅಭಿಪ್ರಾಯ ದಾಖಲಾಗಿದೆ. ಮಂತ್ರಗಳಿಗೆ ಅರ್ಥವೇ ಇಲ್ಲವೆಂಬುದು ಅವನ ವಾದ. ಯಾಸ್ಕನು ಅದನ್ನು ಮುಚ್ಚಿಡದೆ ಕಾರಣಗಳ ಸಮೇತ ಕೊಟ್ಟು, ಆಮೇಲೆ ಒಂದೊಂದಕ್ಕೂ ಸಮಾಧಾನ ಹೇಳುತ್ತಾನೆ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತನು ಮೂರನೆಯ ವರವಾಗಿ ಯಮನ ಮುಂದಿಡುವ ಪ್ರಶ್ನೆಯೂ ಇದೇ ಬಗೆಯದು: ಮನುಷ್ಯ ಸತ್ತ ಮೇಲೆ ಇದ್ದಾನೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಿರುವಾಗ ನಿಜ ಯಾವುದು ಎಂದು ಅವನು ಕೇಳುತ್ತಾನೆ. ಸಾವಿನ ಕುರಿತ ಭಿನ್ನಾಭಿಪ್ರಾಯ ಜನರಲ್ಲಿ ಆಗಲೇ ಬಳಕೆಯಲ್ಲಿತ್ತು ಎಂಬುದಕ್ಕೆ ಈ ಪ್ರಶ್ನೆಯ ರೂಪವೇ ಆಧಾರ.

ಬುದ್ಧನ ಕಾಲಕ್ಕೆ ಬರುವಾಗ ಈ ಭಿನ್ನಾಭಿಪ್ರಾಯಕ್ಕೆ ಗುರುಗಳೂ ಅನುಯಾಯಿಗಳೂ ಹುಟ್ಟಿಕೊಂಡಿದ್ದರು. ಪಾಲಿ ಭಾಷೆಯ ದೀಘನಿಕಾಯದಲ್ಲಿರುವ ಸಾಮಞ್ಞಫಲಸುತ್ತದಲ್ಲಿ ಮಗಧದ ದೊರೆ ಅಜಾತಶತ್ರುವು ತಾನು ಕಂಡುಬಂದ ಆರು ಮಂದಿ ಆಚಾರ್ಯರ ಮತಗಳನ್ನು ಬುದ್ಧನಿಗೆ ವಿವರಿಸುತ್ತಾನೆ. ಅವರಲ್ಲಿ ಕೂದಲಿನ ಕಂಬಳಿ ಹೊದೆಯುತ್ತಿದ್ದ ಅಜಿತ ಕೇಶಕಂಬಲಿಯ ಪ್ರಕಾರ ಮನುಷ್ಯನು ನಾಲ್ಕು ಭೂತಗಳ ಕೂಡಿಕೆ. ಸತ್ತಾಗ ಮಣ್ಣಿನ ಅಂಶ ಮಣ್ಣಿಗೂ, ನೀರಿನ ಅಂಶ ನೀರಿಗೂ, ಹೀಗೆ ಒಂದೊಂದೂ ತನ್ನ ಮೂಲಕ್ಕೆ ಹಿಂದಿರುಗುತ್ತದೆ. ಚಟ್ಟ ಹೊತ್ತವರ ಹೊಗಳಿಕೆ ಸುಡುಗಾಡಿನವರೆಗೆ ಮಾತ್ರ, ದಾನದ ಫಲವೆಂಬುದು ಬೂದಿಯಲ್ಲಿ ಮುಗಿಯುತ್ತದೆ. ಇದೇ ಸುತ್ತದಲ್ಲಿ ಬರುವ ಸಂಜಯ ಬೇಲಟ್ಠಿಪುತ್ತನು ಇನ್ನೊಂದು ಬಗೆಯವನು. ಪರಲೋಕವಿದೆಯೇ ಎಂದು ಕೇಳಿದರೆ ಇದೆಯೆಂದೂ ಇಲ್ಲವೆಂದೂ ಎರಡೂ ಹೌದೆಂದೂ ಎರಡೂ ಅಲ್ಲವೆಂದೂ ಅವನು ಹೇಳುವುದಿಲ್ಲ. ಅಜಿತನದು ನಿರಾಕರಣೆ, ಸಂಜಯನದು ನಿರ್ಣಯವನ್ನು ತಡೆಹಿಡಿಯುವ ನಿಲುವು. ಮುಂದಿನ ಶತಮಾನಗಳ ಅಪನಂಬಿಕೆಯು ಈ ಎರಡು ದಾರಿಗಳಲ್ಲಿಯೇ ಸಾಗಿತು. ರಾಜ್ಯಶಾಸ್ತ್ರದ ಗ್ರಂಥವಾದ ಕೌಟಿಲ್ಯನ ಅರ್ಥಶಾಸ್ತ್ರವು ತರ್ಕದಿಂದ ಪರೀಕ್ಷಿಸುವ ವಿದ್ಯೆಗೆ ಆನ್ವೀಕ್ಷಿಕಿ ಎಂದು ಹೆಸರಿಟ್ಟು, ಸಾಂಖ್ಯ ಮತ್ತು ಯೋಗಗಳ ಜೊತೆಗೆ ಲೋಕಾಯತವನ್ನೂ ಅದರಲ್ಲಿ ಸೇರಿಸಿರುವುದರಿಂದ, ಒಂದು ಕಾಲದಲ್ಲಿ ಈ ವಿಚಾರಧಾರೆಯು ರಾಜಕುಮಾರನು ಕಲಿಯತಕ್ಕ ವಿದ್ಯೆಗಳ ಸಾಲಿನಲ್ಲಿ ಗೌರವದಿಂದ ನಿಂತಿತ್ತೆಂದು ತಿಳಿಯುತ್ತದೆ.

ಮುಚ್ಚಿದ ಮಡಕೆಯ ಪರೀಕ್ಷೆ

ಸಾವನ್ನು ಕುರಿತ ಅಪನಂಬಿಕೆಯ ಅತ್ಯಂತ ವಿಸ್ತಾರವಾದ ಹಳೆಯ ದಾಖಲೆ ದೀಘನಿಕಾಯದ ಪಾಯಾಸಿಸುತ್ತ. ಕೋಸಲದ ಸೇತವ್ಯ ಎಂಬ ಊರನ್ನು ರಾಜ ಪ್ರಸೇನಜಿತನಿಂದ ಉಂಬಳಿಯಾಗಿ ಪಡೆದಿದ್ದ ಪಾಯಾಸಿ ಎಂಬ ಒಡೆಯನಿಗೆ ಪರಲೋಕವಿಲ್ಲ, ಒಳ್ಳೆಯ ಕೆಟ್ಟ ಕರ್ಮಗಳಿಗೆ ಸಾವಿನ ನಂತರದ ಫಲವಿಲ್ಲ ಎಂಬ ದೃಢ ಅಭಿಪ್ರಾಯವಿತ್ತು. ಆ ಊರಿಗೆ ಬಂದ ಕುಮಾರ ಕಸ್ಸಪನೆಂಬ ಭಿಕ್ಷುವಿನ ಎದುರಿನಲ್ಲಿ ಅವನು ತನ್ನ ಅಭಿಪ್ರಾಯವನ್ನು ಬರಿಯ ಹಟವಾಗಿ ಮಂಡಿಸದೆ, ತಾನು ಮಾಡಿ ನೋಡಿದ ಪರೀಕ್ಷೆಗಳ ಫಲವಾಗಿ ಮಂಡಿಸುತ್ತಾನೆ. ಪಾಪಿಗಳಾಗಿದ್ದ ತನ್ನ ನಂಟರು ಸಾಯುವ ಹೊತ್ತಿನಲ್ಲಿ, ನರಕವೆಂಬುದಿದ್ದರೆ ಬಂದು ತಿಳಿಸಿರೆಂದು ಅವರಿಂದ ಮಾತು ತೆಗೆದುಕೊಂಡಿದ್ದನು, ಯಾರೂ ಬರಲಿಲ್ಲ. ಪುಣ್ಯವಂತರಿಗೂ ಹಾಗೆಯೇ ಹೇಳಿದ್ದನು, ಅವರೂ ಬರಲಿಲ್ಲ. ಮರಣದಂಡನೆಗೆ ಗುರಿಯಾದ ಕಳ್ಳನನ್ನು ಜೀವಂತವಾಗಿ ದೊಡ್ಡ ಮಡಕೆಯೊಳಗೆ ಇಳಿಸಿ, ಬಾಯಿಗೆ ಹಸಿ ಚರ್ಮ ಬಿಗಿದು, ಮೇಲೆ ದಪ್ಪನಾಗಿ ಮಣ್ಣು ಮೆತ್ತಿ ಒಲೆಯ ಮೇಲಿಡಿಸಿ, ಸತ್ತನೆಂದು ಖಚಿತವಾದ ಮೇಲೆ ಮೆಲ್ಲನೆ ಬಾಯಿ ಬಿಡಿಸಿ ನೋಡಿದರೂ ಜೀವವು ಹೊರಬಿದ್ದದ್ದು ಕಾಣಲಿಲ್ಲ. ಇನ್ನೊಬ್ಬನನ್ನು ಬದುಕಿದ್ದಾಗ ತೂಗಿ, ಬಿಲ್ಲಿನ ಹೆದೆಯಿಂದ ಉಸಿರುಕಟ್ಟಿಸಿ ಕೊಂದು ಮತ್ತೆ ತೂಗಿದಾಗ ಹೆಣವು ಹಗುರವಾಗುವ ಬದಲು ಭಾರವಾಗಿತ್ತು. ಮತ್ತೊಬ್ಬನ ಚರ್ಮ, ಮಾಂಸ, ನರ, ಎಲುಬು, ಮಜ್ಜೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೂ ಜೀವ ಸಿಗಲಿಲ್ಲ.

ಕಸ್ಸಪನು ಪ್ರತಿಯೊಂದಕ್ಕೂ ಒಂದೊಂದು ದೃಷ್ಟಾಂತದಿಂದ ಉತ್ತರಿಸುತ್ತಾನೆ. ವಧ್ಯಸ್ಥಾನಕ್ಕೆ ಒಯ್ಯುತ್ತಿರುವ ಅಪರಾಧಿಯನ್ನು ನಂಟರಿಗೆ ಹೇಳಿಬರಲು ಕೊಲೆಗಡುಕರು ಬಿಡದಿರುವಂತೆ ನರಕಪಾಲಕರೂ ಬಿಡುವುದಿಲ್ಲ. ಹೊಲಸಿನ ಗುಂಡಿಯಿಂದ ಎತ್ತಿ ಮೀಯಿಸಿ ಅಲಂಕರಿಸಿದವನು ಮತ್ತೆ ಆ ಗುಂಡಿಗೆ ಇಳಿಯದಿರುವಂತೆ ಸ್ವರ್ಗಕ್ಕೆ ಹೋದವರು ಮರಳುವುದಿಲ್ಲ. ನಿದ್ದೆಯಲ್ಲಿ ತೋಟ ಕೆರೆಗಳನ್ನು ಕನಸು ಕಾಣುವಾಗ ಒಡೆಯನ ಜೀವ ಹೋಗಿ ಬರುವುದನ್ನು ಹತ್ತಿರದ ಸೇವಕರು ಕಾಣುವುದಿಲ್ಲ. ಕಾದ ಕಬ್ಬಿಣದ ಗುಂಡು ಹಗುರವಾಗಿಯೂ ಮೃದುವಾಗಿಯೂ ಇರುವಂತೆ ಜೀವವಿರುವ ದೇಹವೂ ಇರುತ್ತದೆ. ಅರಣಿಯ ಕಟ್ಟಿಗೆಯನ್ನು ಮಥಿಸದೆ ಸಿಗಿದು ಚೂರು ಮಾಡಿದರೆ ಬೆಂಕಿ ಸಿಗುವುದಿಲ್ಲ. ತಾವತಿಂಸವೆಂಬ ಸ್ವರ್ಗದ ದೇವತೆಗಳ ಒಂದು ಹಗಲಿರುಳು ಮನುಷ್ಯರ ನೂರು ವರ್ಷಗಳಿಗೆ ಸಮವಾದ್ದರಿಂದ ಅಲ್ಲಿಗೆ ಹೋದವರು ತಡಮಾಡುವುದು ಸಹಜವೆಂದೂ ಅವನು ಹೇಳುತ್ತಾನೆ. ಆಗ ಪಾಯಾಸಿಯು, ಅಂಥ ದೇವತೆಗಳಿದ್ದಾರೆಂದೂ ಅವರ ಆಯುಷ್ಯ ಇಷ್ಟೆಂದೂ ನಿನಗೆ ಹೇಳಿದವರು ಯಾರು ಎಂಬರ್ಥದಲ್ಲಿ ತಿರುಗಿ ಕೇಳುತ್ತಾನೆ. ಇಡೀ ಸಂವಾದದಲ್ಲಿ ಇದೇ ಅತ್ಯಂತ ಮುಖ್ಯವಾದ ಪ್ರಶ್ನೆ. ಸಾವಿನ ಬಗೆಗಿನ ಸಂಶಯವು ಇಲ್ಲಿ ಬೇರೆಯವರ ಮಾತಿನ ಬಗೆಗಿನ ಸಂಶಯವಾಗಿ ತಿರುಗುತ್ತದೆ. ಹುಟ್ಟುಕುರುಡನು ತಾನು ಕಾಣದ್ದರಿಂದ ಬಣ್ಣಗಳೂ ಸೂರ್ಯಚಂದ್ರರೂ ಇಲ್ಲವೆಂದರೆ ಸರಿಯಾಗುವುದೇ ಎಂಬ ಕಸ್ಸಪನ ಉತ್ತರವೂ ಆ ನೆಲೆಯಲ್ಲಿಯೇ ಬರುತ್ತದೆ: ಧ್ಯಾನದಿಂದ ದಿವ್ಯದೃಷ್ಟಿ ಪಡೆದವರು ಕಂಡಿದ್ದಾರೆ, ಕಾಣದವರು ಅವರ ಮಾತನ್ನು ಒಪ್ಪಬೇಕು ಎಂಬುದು ಅದರ ತಾತ್ಪರ್ಯ.

ಇದೇ ಸಂವಾದವು ಜೈನರ ಪ್ರಾಕೃತ ಆಗಮವಾದ ರಾಯಪಸೇಣಿಯದಲ್ಲಿಯೂ ಇದೆ. ಅಲ್ಲಿ ಸಂಶಯಿಯು ಪಏಸಿ ಎಂಬ ರಾಜ, ಉತ್ತರಿಸುವವನು ಪಾರ್ಶ್ವನಾಥನ ಪರಂಪರೆಯ ಕೇಶಿ ಎಂಬ ಶ್ರಮಣ. ಆದರೆ ಪರೀಕ್ಷೆಯ ಫಲವೂ ದೃಷ್ಟಾಂತಗಳೂ ಕೆಲವೆಡೆ ಬೇರೆ. ಜೈನ ಪಾಠದಲ್ಲಿ ಕಳ್ಳನ ತೂಕ ಸಾವಿನ ಮೊದಲೂ ಆಮೇಲೂ ಒಂದೇ ಇರುತ್ತದೆ, ಅದಕ್ಕೆ ಗಾಳಿ ತುಂಬಿದ ಮತ್ತು ಗಾಳಿ ತೆಗೆದ ತೊಗಲಿನ ಚೀಲದ ತೂಕದಲ್ಲಿ ವ್ಯತ್ಯಾಸ ತೋರದೆಂಬುದು ಉತ್ತರ. ಕಬ್ಬಿಣದ ಪಾತ್ರೆಯಿಂದ ಜೀವ ಹೊರಟಾಗ ರಂಧ್ರ ಕಾಣದೆಂಬ ಆಕ್ಷೇಪಕ್ಕೆ, ಬಾಗಿಲು ಭದ್ರವಾಗಿ ಮುಚ್ಚಿದ ಕೋಣೆಯೊಳಗಿನ ಭೇರಿಯ ಸದ್ದು ಗೋಡೆಯಲ್ಲಿ ತೂತು ಮಾಡದೆ ಹೊರಗೆ ಕೇಳಿಸುವುದು ಉತ್ತರ. ಎರಡು ಸಂಪ್ರದಾಯಗಳೂ ಇದನ್ನು ಉಳಿಸಿಕೊಂಡಿರುವುದರಿಂದ ಈ ವಾದವು ಯಾವ ಒಂದು ಮತದ ಕಲ್ಪನೆಯೂ ಆಗಿರದೆ, ಗಂಗಾ ಬಯಲಿನ ಎಲ್ಲ ಶ್ರಮಣರೂ ಎದುರಿಸಬೇಕಾಗಿದ್ದ ಸಾಮಾನ್ಯ ಆಕ್ಷೇಪವಾಗಿತ್ತೆಂದು ಊಹಿಸಬಹುದು. 1901ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾಯುತ್ತಿರುವ ಆರು ರೋಗಿಗಳನ್ನು ತಕ್ಕಡಿಯ ಮೇಲಿಟ್ಟು ಆತ್ಮದ ತೂಕ ಕಂಡುಹಿಡಿಯಲು ಹೊರಟಾಗ ಕೇಳಿಕೊಂಡದ್ದೂ ಇದೇ ಪ್ರಶ್ನೆಯನ್ನು. ಆದರೆ ಆ ಹಳೆಯ ಸಂವಾದಗಳ ಒಂದು ಕೊರತೆಯನ್ನೂ ಇಲ್ಲಿ ಹೇಳಲೇಬೇಕು. ಪ್ರಶ್ನೆಯೂ ಉತ್ತರವೂ ಜೀವದ ಸುತ್ತಲೇ ನಡೆಯುತ್ತವೆ. ಮಡಕೆಯೊಳಗೆ ಬೆಂದು ಸತ್ತ ಮನುಷ್ಯನ ಸಂಕಟವು ಆ ವಾದದ ಅಂಗವಾಗಿಲ್ಲ. ಪರೀಕ್ಷೆ ಮಾಡುವ ಅಧಿಕಾರವು ದಂಡಿಸುವ ಅಧಿಕಾರವಿದ್ದವರ ಕೈಯಲ್ಲಿ ಮಾತ್ರ ಇತ್ತೆಂಬ ಕಟು ಸತ್ಯವನ್ನು ಈ ಕಥೆಗಳು ತಮಗರಿವಿಲ್ಲದೆಯೇ ದಾಖಲಿಸಿವೆ.

ಯಾರ ಮಾತು ಪ್ರಮಾಣ?

ಶಾಸ್ತ್ರಗಳ ಕಾಲದಲ್ಲಿ ಈ ಪ್ರಶ್ನೆಯು ಪ್ರಮಾಣವಿಚಾರವಾಗಿ ಬೆಳೆಯಿತು. ಪ್ರಮಾಣವೆಂದರೆ ಯಥಾರ್ಥವಾದ ಜ್ಞಾನಕ್ಕೆ ಸಾಧನ. ಕಣ್ಣಾರೆ ಕಾಣುವುದು ಪ್ರತ್ಯಕ್ಷ, ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವಂಥದು ಅನುಮಾನ, ನಂಬತಕ್ಕವನ ಮಾತಿನಿಂದ ತಿಳಿಯುವುದು ಶಬ್ದ ಅಥವಾ ಆಗಮ. ಹಾಗೆ ನಂಬತಕ್ಕವನಿಗೆ ಆಪ್ತನೆಂದು ಹೆಸರು. ಲೋಕಾಯತರು ಪ್ರತ್ಯಕ್ಷವೊಂದೇ ಪ್ರಮಾಣವೆಂದರು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬ ನಿಯತ ಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ಎಲ್ಲ ದೇಶಗಳ, ಎಲ್ಲ ಕಾಲಗಳ ಹೊಗೆಯನ್ನು ಯಾರೂ ಕಂಡಿಲ್ಲವಾದ್ದರಿಂದ ಆ ವ್ಯಾಪ್ತಿಯು ಸಿದ್ಧವಾಗುವುದು ಹೇಗೆ, ಅದನ್ನು ಇನ್ನೊಂದು ಅನುಮಾನದಿಂದ ಸಾಧಿಸಹೊರಟರೆ ಅದಕ್ಕೆ ಮತ್ತೊಂದು ಬೇಕಾಗುವುದಿಲ್ಲವೇ ಎಂಬುದು ಅವರ ಆಕ್ಷೇಪ. ಶಬ್ದವಂತೂ ಹೇಳಿದವನ ಪ್ರಾಮಾಣಿಕತೆಯನ್ನು ಊಹಿಸಿಯೇ ನಿಲ್ಲುವುದರಿಂದ ಅನುಮಾನದೊಡನೆ ಅದೂ ಬೀಳುತ್ತದೆ. ಇವರಲ್ಲಿಯೂ ಒಳಭೇದಗಳಿದ್ದವು. ಬೌದ್ಧ ಪಂಡಿತ ಶಾಂತರಕ್ಷಿತನ ತತ್ತ್ವಸಂಗ್ರಹಕ್ಕೆ ಕಮಲಶೀಲನು ಬರೆದ ವ್ಯಾಖ್ಯಾನದಿಂದ, ಪುರಂದರನೆಂಬ ಲೋಕಾಯತ ಆಚಾರ್ಯನು ದಿನನಿತ್ಯದ ವ್ಯವಹಾರದಲ್ಲಿ ಎಲ್ಲರೂ ಬಳಸುವ ಅನುಮಾನವನ್ನು ಒಪ್ಪಿ, ಅನುಭವಕ್ಕೆ ನಿಲುಕದ ಪರಲೋಕಾದಿಗಳನ್ನು ಸಾಧಿಸಲು ಹೊರಡುವ ಅನುಮಾನವನ್ನು ಮಾತ್ರ ನಿರಾಕರಿಸಿದನೆಂದು ತಿಳಿಯುತ್ತದೆ. ಕಾಶ್ಮೀರದ ನೈಯಾಯಿಕ ಜಯಂತಭಟ್ಟನು ತನ್ನ ನ್ಯಾಯಮಂಜರಿಯಲ್ಲಿ ಧೂರ್ತ ಚಾರ್ವಾಕರನ್ನೂ ಸುಶಿಕ್ಷಿತ ಚಾರ್ವಾಕರನ್ನೂ ಬೇರೆ ಬೇರೆಯಾಗಿ ಹೆಸರಿಸಿರುವುದೂ ಈ ವೈವಿಧ್ಯಕ್ಕೆ ಸಾಕ್ಷಿ.

ಅಪನಂಬಿಕೆಯು ನಾಸ್ತಿಕರ ಸೊತ್ತು ಮಾತ್ರವಾಗಿರಲಿಲ್ಲ ಎಂಬುದು ಈ ಚರಿತ್ರೆಯಲ್ಲಿ ಗಮನಾರ್ಹವಾದ ಅಂಶ. ವೇದಕ್ಕೆ ಅತ್ಯಂತ ನಿಷ್ಠರಾದ ಮೀಮಾಂಸಕರು ಮನುಷ್ಯರ ಮಾತಿನ ವಿಷಯದಲ್ಲಿ ಕಠೋರ ಸಂಶಯಿಗಳು: ಆಡುವವನು ತಪ್ಪು ತಿಳಿದಿರಬಹುದು ಅಥವಾ ಮೋಸ ಮಾಡುತ್ತಿರಬಹುದು, ಆದ್ದರಿಂದ ಯಾವ ಪುರುಷನೂ ರಚಿಸದ ವಾಕ್ಯದಲ್ಲಿ ಮಾತ್ರ ಆ ದೋಷವಿಲ್ಲವೆಂದು ಅವರು ವಾದಿಸಿ, ವೇದವನ್ನು ಅಪೌರುಷೇಯವೆಂದರು. ಕುಮಾರಿಲಭಟ್ಟನು ಬುದ್ಧನೂ ಜಿನನೂ ಸರ್ವಜ್ಞರೆಂಬ ಹೇಳಿಕೆಯನ್ನು ಇದೇ ನೆಲೆಯಲ್ಲಿ ತಳ್ಳಿಹಾಕಿದನು. ಜೈನರಲ್ಲಿ, ಕರ್ನಾಟಕದ ಬಸದಿಗಳಲ್ಲಿಯೂ ಶಾಸನಗಳಲ್ಲಿಯೂ ಗೌರವದಿಂದ ಸ್ಮರಣೆಗೊಳ್ಳುವ ಸಮಂತಭದ್ರನು ತನ್ನ ಆಪ್ತಮೀಮಾಂಸೆಯನ್ನು ತನ್ನ ಜಿನನನ್ನೇ ಪರೀಕ್ಷೆಗೆ ಒಡ್ಡುವ ಮೂಲಕ ಆರಂಭಿಸುತ್ತಾನೆ. ದೇವತೆಗಳು ಬಳಿಗೆ ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರವೇ ಮೊದಲಾದ ವೈಭವ ಇವೆಲ್ಲ ಇಂದ್ರಜಾಲ ಬಲ್ಲವರಲ್ಲಿಯೂ ಕಾಣುವುದರಿಂದ ಅವುಗಳ ಕಾರಣಕ್ಕಾಗಿ ಯಾರನ್ನೂ ಮಹಾನ್ ಎಂದು ಒಪ್ಪಬೇಕಾಗಿಲ್ಲವೆಂಬುದು ಅವನ ಆಶಯ. ಆಪ್ತತ್ವವು ತರ್ಕಕ್ಕೆ ವಿರುದ್ಧವಾಗದ ಮಾತಿನಿಂದ ಸಿದ್ಧವಾಗಬೇಕು. ಪವಾಡವು ಸಾಕ್ಷಿಯಲ್ಲವೆಂಬ ಈ ತೀರ್ಮಾನವನ್ನು ಮುಂದೆ ಅಕಳಂಕನು ಅಷ್ಟಶತಿಯಲ್ಲಿಯೂ ವಿದ್ಯಾನಂದನು ಅಷ್ಟಸಹಸ್ರಿಯಲ್ಲಿಯೂ ವಿಸ್ತರಿಸಿದರು.

ಸಂಶಯವನ್ನು ಅದರ ಕೊನೆಯ ಮೇರೆಗೆ ಒಯ್ದವನು ಸುಮಾರು ಎಂಟು ಒಂಬತ್ತನೆಯ ಶತಮಾನದ ಜಯರಾಶಿಭಟ್ಟ. ಅವನ ತತ್ತ್ವೋಪಪ್ಲವಸಿಂಹವು ಅನುಮಾನ, ಶಬ್ದಗಳಷ್ಟನ್ನೇ ಅಲ್ಲದೆ ಪ್ರತ್ಯಕ್ಷಕ್ಕೆ ಬೇರೆ ಬೇರೆ ದರ್ಶನಗಳು ಕೊಟ್ಟ ಲಕ್ಷಣಗಳನ್ನೂ ಒಂದೊಂದಾಗಿ ಮುರಿಯುತ್ತದೆ. ತತ್ತ್ವಗಳೆಲ್ಲ ಬುಡಮೇಲಾದರೂ ಲೋಕವ್ಯವಹಾರಕ್ಕೆ ಏನೂ ಕುಂದಿಲ್ಲವೆಂಬುದು ಅದರ ನಿಲುವು. ಆಸ್ತಿಕ ದಾರ್ಶನಿಕರು ಇಂಥ ಸಂಶಯಕ್ಕೆ ಕೊಟ್ಟ ಉತ್ತರಗಳೂ ಅಷ್ಟೇ ಸಮರ್ಥವಾಗಿದ್ದವು. ಅನುಮಾನವು ಪ್ರಮಾಣವಲ್ಲ ಎನ್ನುವವನು ಎದುರಿನವನು ಅಜ್ಞಾನದಲ್ಲಿದ್ದಾನೆಂದು ತಿಳಿದುಕೊಂಡದ್ದಾದರೂ ಹೇಗೆ, ಇನ್ನೊಬ್ಬನ ಅಜ್ಞಾನ ಕಣ್ಣಿಗೆ ಕಾಣುವ ವಸ್ತುವೇ ಎಂದು ವಾಚಸ್ಪತಿಮಿಶ್ರನು ಸಾಂಖ್ಯತತ್ತ್ವಕೌಮುದಿಯಲ್ಲಿ ಕೇಳಿದನು. ಸಂಶಯಕ್ಕೂ ಒಂದು ಎಲ್ಲೆಯುಂಟು, ಸಂಶಯಿಸುವವನ ಸ್ವಂತ ನಡವಳಿಕೆಗೇ ವಿರೋಧ ಬಂದಲ್ಲಿ ಅದು ನಿಲ್ಲಬೇಕು ಎಂದು ಮಿಥಿಲೆಯ ಉದಯನನು ನ್ಯಾಯಕುಸುಮಾಂಜಲಿಯಲ್ಲಿ ವಾದಿಸಿದನು. ಹಸಿವಾದವನು ಅನ್ನದಿಂದ ಹಸಿವು ಅಡಗುವುದೆಂದು ನೆಚ್ಚಿಯೇ ಉಣ್ಣಲು ಕೂಡುವುದರಿಂದ ಕಾರ್ಯಕಾರಣ ಸಂಬಂಧವನ್ನು ಅವನು ಬಾಯಿಮಾತಿನಲ್ಲಿ ಮಾತ್ರ ಅಲ್ಲಗಳೆಯಬಲ್ಲನೆಂಬುದು ಇದರ ಭಾವ. ಲೋಕಾಯತರ ಪ್ರಶ್ನೆಗಳು ಅಷ್ಟು ಬಲವಾಗಿರದಿದ್ದರೆ ನ್ಯಾಯಶಾಸ್ತ್ರದ ವ್ಯಾಪ್ತಿವಿಚಾರವು ಅಷ್ಟೊಂದು ಹರಿತವಾಗಬೇಕಾದ ಅಗತ್ಯವೇ ಬರುತ್ತಿರಲಿಲ್ಲ.

ಕನ್ನಡ ನೆಲದಲ್ಲಿ ಪೂರ್ವಪಕ್ಷ

ಈ ವಾದಗಳು ಕನ್ನಡಕ್ಕೆ ಬಂದದ್ದು ರಾಷ್ಟ್ರಕೂಟರ ಕಾಲದ ಜೈನ ವಿದ್ವತ್ತಿನ ಮೂಲಕ. ಮಾನ್ಯಖೇಟದ ದೊರೆ ಅಮೋಘವರ್ಷ ನೃಪತುಂಗನ ಗುರುವೆಂದು ಪ್ರಸಿದ್ಧನಾದ ಜಿನಸೇನನು ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದನು. ಅದನ್ನು ಆಧರಿಸಿ ಪಂಪನು 941ರಲ್ಲಿ ಕನ್ನಡದಲ್ಲಿ ಆದಿಪುರಾಣವನ್ನು ಬರೆದನು. ಮೊದಲ ತೀರ್ಥಂಕರನ ಹಿಂದಿನ ಜನ್ಮಗಳಲ್ಲೊಂದಾದ ಮಹಾಬಲ ರಾಜನ ಕಥೆಯಲ್ಲಿ ನಾಲ್ವರು ಮಂತ್ರಿಗಳಿದ್ದಾರೆ. ಅವರಲ್ಲಿ ಮಹಾಮತಿಯು ಭೂತವಾದಿ, ಅಂದರೆ ದೇಹವಾಗಿ ಕೂಡಿಕೊಂಡ ಭೂತಗಳಿಂದಲೇ ಚೈತನ್ಯ ಹುಟ್ಟುತ್ತದೆ, ಆ ಕೂಡಿಕೆ ಬಿಟ್ಟಾಗ ಅದೂ ಇಲ್ಲವಾಗುತ್ತದೆ ಎನ್ನುವವನು, ಸಂಭಿನ್ನಮತಿಯು ವಿಜ್ಞಾನವೊಂದೇ ಸತ್ಯವೆನ್ನುವವನು, ಶತಮತಿಯು ಶೂನ್ಯವಾದಿ, ಸ್ವಯಂಬುದ್ಧನು ಜೈನ. ಕೊನೆಗೆ ಗೆಲ್ಲುವುದು ಸ್ವಯಂಬುದ್ಧನ ಮಾತೇ ಆದರೂ, ಪರಲೋಕವಿಲ್ಲವೆನ್ನುವವನೊಬ್ಬನು ರಾಜಸಭೆಯಲ್ಲಿ ಮಂತ್ರಿಪದವಿಯಲ್ಲಿ ಕುಳಿತು ತನ್ನ ಮತವನ್ನು ಹೇಳಿ, ಅದಕ್ಕೆ ಮಾತಿನಿಂದಲೇ ಉತ್ತರ ಪಡೆಯುವ ಚಿತ್ರವು ಕನ್ನಡದ ಆದಿಕವಿಯ ಕಾವ್ಯದಲ್ಲಿ ದೊರೆಯುವುದು ಸಣ್ಣ ಸಂಗತಿಯಲ್ಲ.

ಗಂಗಾ ಬಯಲಿನ ಆ ಪರೀಕ್ಷೆಗಳು ಹದಿಮೂರನೆಯ ಶತಮಾನದ ಕನ್ನಡ ಕಾವ್ಯವೊಂದರಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಸೋಮದೇವಸೂರಿಯು 959ರಲ್ಲಿ ಸಂಸ್ಕೃತದ ಯಶಸ್ತಿಲಕದಲ್ಲಿ ಹೇಳಿದ ಯಶೋಧರನ ಕಥೆಯನ್ನು, ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ಯಶೋಧರ ಚರಿತೆಯಾಗಿ ಕನ್ನಡಕ್ಕೆ ತಂದನು. ಅದರಲ್ಲಿ ಚಂಡಕರ್ಮನೆಂಬ ತಳಾರನಿದ್ದಾನೆ; ತಳಾರನೆಂದರೆ ಊರಿನ ಕಾವಲು, ಕಳ್ಳರ ಪತ್ತೆ, ದಂಡನೆಗಳ ಹೊಣೆ ಹೊತ್ತ ಅಧಿಕಾರಿ. ಉದ್ಯಾನದಲ್ಲಿ ಅಕಂಪನ ಮುನಿಯನ್ನು ಕಂಡ ಅವನು ದೇಹಕ್ಕಿಂತ ಬೇರೆಯಾದ ಜೀವವಿದೆಯೆಂಬುದನ್ನು ಒಪ್ಪದೆ, ಕಳ್ಳರ ಮೇಲೆ ತಾನು ಮಾಡಿ ನೋಡಿದ ಪರೀಕ್ಷೆಗಳನ್ನು ಮುಂದಿಡುತ್ತಾನೆ. ಮುನಿಯು ದೃಷ್ಟಾಂತಗಳ ಮೂಲಕ ಅವನ ಸಂಶಯ ಕಳೆಯುತ್ತಾನೆ. ಪಾಯಾಸಿಯ ಊರಿನ ಒಡೆತನವು ಇಲ್ಲಿ ತಳಾರಿಕೆಗೆ ಇಳಿದಿದೆಯಾದರೂ ಪ್ರಶ್ನೆಯ ಸ್ವರೂಪ ಬದಲಾಗಿಲ್ಲ. ಹಲವು ಶತಮಾನಗಳ ಕಾಲ, ಪಾಲಿ, ಪ್ರಾಕೃತ, ಸಂಸ್ಕೃತ, ಕನ್ನಡಗಳಲ್ಲಿ ಹಾದುಬಂದ ಮೇಲೂ ಒಂದು ಆಕ್ಷೇಪವು ಇಷ್ಟು ಸ್ಪಷ್ಟವಾಗಿ ಉಳಿದಿರುವುದಕ್ಕೆ ಅದನ್ನು ಖಂಡಿಸಿದವರ ಶ್ರದ್ಧೆಯೇ ಕಾರಣ.

ಎದುರು ಮತವನ್ನು ಕಲಿಸುವ ವ್ಯವಸ್ಥೆಯೂ ಇಲ್ಲಿತ್ತು. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿದ್ದ ಕೋಡಿಯಮಠವು ಕಾಳಾಮುಖ ಶೈವರ ಮಠ. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಅದನ್ನು ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧವೇ ಮೊದಲಾದ ದರ್ಶನಗಳ ವ್ಯಾಖ್ಯಾನಸ್ಥಾನವೆಂದು ವರ್ಣಿಸುತ್ತದೆ. ಶೈವ ಮಠವೊಂದು ವೇದವನ್ನೊಪ್ಪದ ಬೌದ್ಧದರ್ಶನದ ಪಾಠವನ್ನು ತನ್ನ ಹೆಗ್ಗಳಿಕೆಯೆಂದು ಕಲ್ಲಿನಲ್ಲಿ ಬರೆಯಿಸಿಕೊಂಡಿದೆ. ಅದೇ ಶತಮಾನದ ಶರಣರ ವಚನಗಳೂ ಯಜ್ಞ, ಸ್ವರ್ಗ, ತೀರ್ಥ, ಮುಹೂರ್ತಗಳನ್ನು ತೀವ್ರವಾಗಿ ಪ್ರಶ್ನಿಸಿದವು. ಆದರೆ ಅವು ಭಕ್ತಿಯ ಒಳಗಿನಿಂದ, ಶಿವನಲ್ಲಿಯ ನಿಷ್ಠೆಯಿಂದಲೇ ಎದ್ದ ಪ್ರಶ್ನೆಗಳಾದ್ದರಿಂದ ಅವುಗಳನ್ನು ಲೋಕಾಯತದ ಮುಂದುವರಿಕೆಯೆಂದು ಹೇಳುವುದು ಎರಡಕ್ಕೂ ಅನ್ಯಾಯವಾಗುತ್ತದೆ.

ಉಳಿದದ್ದು ಮತ್ತು ಬದಲಾದದ್ದು

ಪೂರ್ವಪಕ್ಷದ ಪದ್ಧತಿಯು ಯಾವಾಗಲೂ ನ್ಯಾಯವಾಗಿಯೇ ನಡೆಯಲಿಲ್ಲ. ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿಯು ರಾಮನಿಗೆ, ಇಲ್ಲಿ ಒಬ್ಬರು ಉಂಡ ಶ್ರಾದ್ಧದ ಊಟ ಸತ್ತವರಿಗೆ ತಲುಪುವುದಾದರೆ ದೂರ ಪ್ರಯಾಣ ಹೋದವರಿಗೂ ಮನೆಯಲ್ಲಿಯೇ ಶ್ರಾದ್ಧ ಮಾಡಿ ಉಣಿಸಬಹುದಾಗಿತ್ತೆಂಬ ತರ್ಕವನ್ನು ಒಡ್ಡುತ್ತಾನೆ. ರಾಮನು ಸಿಟ್ಟಾದ ಮೇಲೆ, ಸಂದರ್ಭಕ್ಕಾಗಿ ಹಾಗೆ ಆಡಿದೆನೆಂದು ಹಿಂಜರಿಯುತ್ತಾನೆ. ಮಹಾಭಾರತದ ಶಾಂತಿಪರ್ವದಲ್ಲಿ ಚಾರ್ವಾಕನೆಂಬ ಹೆಸರಿನವನು ದುರ್ಯೋಧನನ ಗೆಳೆಯನಾದ ರಾಕ್ಷಸ. ಭಿಕ್ಷುವಿನ ವೇಷದಲ್ಲಿ ಬಂದು, ಬಂಧುಗಳನ್ನು ಕೊಂದ ಯುಧಿಷ್ಠಿರನನ್ನು ಹಳಿದದ್ದಕ್ಕಾಗಿ ಬ್ರಾಹ್ಮಣರು ಹುಂಕಾರದಿಂದ ಅವನನ್ನು ಸುಟ್ಟುಹಾಕುತ್ತಾರೆ. ಹನ್ನೊಂದನೆಯ ಶತಮಾನದ ಪ್ರಬೋಧಚಂದ್ರೋದಯ ನಾಟಕದಲ್ಲಿ ಚಾರ್ವಾಕನು ಮಹಾಮೋಹನೆಂಬ ಕೆಟ್ಟ ಅರಸನ ಬಂಟ. ಹೀಗೆ ವಾದಿಯು ಪಾತ್ರವಾಗಿ, ಪಾತ್ರವು ಖಳನಾಗಿ ಮಾರ್ಪಟ್ಟಂತೆ ವಾದವೂ ತೆಳುವಾಗುತ್ತ ಬಂದಿತು.

ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿ ಮಾಧವನು ರಚಿಸಿದ ಸರ್ವದರ್ಶನಸಂಗ್ರಹವು ಈ ಚರಿತ್ರೆಯಲ್ಲಿ ಎರಡು ಮುಖವುಳ್ಳ ಗ್ರಂಥ. ಅದು ದರ್ಶನಗಳನ್ನು ಒಂದರ ಮೇಲೊಂದಾಗಿ ಏರಿಸುತ್ತ ಹೋಗುವಾಗ ಚಾರ್ವಾಕವನ್ನು ಮೊಟ್ಟಮೊದಲಿಗೆ, ಎಂದರೆ ಎಲ್ಲಕ್ಕಿಂತ ಕೆಳಗೆ ಇಟ್ಟಿದೆ. ಆದರೆ ವ್ಯಾಪ್ತಿಯ ವಿರುದ್ಧದ ತರ್ಕವನ್ನು ಅದರಷ್ಟು ಅಚ್ಚುಕಟ್ಟಾಗಿ ಹೇಳಿದ ಗ್ರಂಥ ಮತ್ತೊಂದು ಸಿಗುವುದು ಕಷ್ಟ. ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆಂಬ, ಇಂದು ಚಾರ್ವಾಕರ ಹೆಸರಿನಲ್ಲಿ ಎಲ್ಲರೂ ಹೇಳುವ ಮಾತು ಪ್ರಚಾರಕ್ಕೆ ಬಂದದ್ದೂ ಈ ಗ್ರಂಥದಿಂದಲೇ. ಇದಕ್ಕಿಂತ ಹಳೆಯ ಉಲ್ಲೇಖಗಳಲ್ಲಿ ಆ ಶ್ಲೋಕದಲ್ಲಿ ಸಾಲದ ಮಾತಾಗಲಿ ತುಪ್ಪದ ಮಾತಾಗಲಿ ಇಲ್ಲ. ಬದುಕಿರುವಷ್ಟು ಕಾಲ ಸುಖವಾಗಿರಬೇಕು, ಏಕೆಂದರೆ ಸಾವಿಗೆ ಸಿಗದೆ ಉಳಿಯುವುದು ಯಾವುದೂ ಇಲ್ಲ ಎಂಬ ಗಂಭೀರ ಆಶಯವಷ್ಟೇ ಅಲ್ಲಿದೆ. ಸಾವಿನ ಕುರಿತ ಒಂದು ವಿಚಾರವು ಭೋಗಲಾಲಸೆಯ ಗಾದೆಯಾಗಿ ಮಾರ್ಪಟ್ಟದ್ದರಿಂದ ಚಾರ್ವಾಕರಿಗೆ ಆದ ಹಾನಿಯು ಅವರ ಗ್ರಂಥಗಳು ಕಳೆದುಹೋದದ್ದಕ್ಕಿಂತ ಕಡಿಮೆಯದಲ್ಲ.

ಮೂಲಗ್ರಂಥಗಳು ಅಳಿದುಹೋಗಲು ಸುಡುವಿಕೆಯೇ ಕಾರಣವಾಗಬೇಕಾಗಿರಲಿಲ್ಲ. ತಾಳೆಗರಿಯ ಕಾಲದಲ್ಲಿ ಪುಸ್ತಕವು ಉಳಿಯಬೇಕಾದರೆ ಕೆಲವು ತಲೆಮಾರುಗಳಿಗೊಮ್ಮೆ ಅದನ್ನು ಪ್ರತಿ ಮಾಡಿಸುವ ಮಠವೋ ಬಸದಿಯೋ ಮನೆತನವೋ ಬೇಕಾಗಿತ್ತು. ಪೂಜೆ, ವ್ರತ, ದತ್ತಿಗಳಿಲ್ಲದ ಲೋಕಾಯತರಿಗೆ ಅಂಥ ಆಶ್ರಯ ದೊರೆತಂತೆ ಕಾಣುವುದಿಲ್ಲ. ಅವರು ಪೂರ್ತಿಯಾಗಿ ಮರೆಯಾಗಲಿಲ್ಲವೆಂಬುದಕ್ಕೆ, ಫತೇಪುರ ಸಿಕ್ರಿಯಲ್ಲಿ ಅಕ್ಬರನು ನಡೆಸಿದ ಮತಚರ್ಚೆಗಳಲ್ಲಿ ಭಾಗವಹಿಸಿದವರ ನಡುವೆ ಅಬುಲ್ ಫಜಲನು ಚಾರ್ವಾಕರನ್ನೂ ಹೆಸರಿಸಿರುವುದು ಆಧಾರ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಸರ್ವದರ್ಶನಸಂಗ್ರಹವನ್ನು ಕಲಕತ್ತೆಯಲ್ಲಿ ಅಚ್ಚು ಮಾಡಿಸಿದರು. ಜಯರಾಶಿಯ ಗ್ರಂಥದ ತಾಳೆಗರಿ ಪ್ರತಿಯು 1926ರಲ್ಲಿ ಗುಜರಾತಿನ ಪಾಟಣದ ಭಂಡಾರದಲ್ಲಿ ದೊರೆತು, ಸುಖಲಾಲಜಿ ಸಂಘವಿ ಮತ್ತು ರಸಿಕಲಾಲ ಪರೀಖರ ಸಂಪಾದನೆಯಲ್ಲಿ 1940ರಲ್ಲಿ ಬಡೋದೆಯಿಂದ ಪ್ರಕಟವಾಯಿತು. ಯಾವ ತತ್ತ್ವವನ್ನೂ ಒಪ್ಪದ ಆ ಗ್ರಂಥವನ್ನು ಶತಮಾನಗಳ ಕಾಲ ಕಾಪಾಡಿದ್ದು ಜೈನರ ಗ್ರಂಥಭಂಡಾರಗಳ ನಗರವಾದ ಪಾಟಣ, ಬೆಳಕಿಗೆ ತಂದವರಲ್ಲಿ ಒಬ್ಬರು ಜೈನ ಪಂಡಿತರು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಕನ್ನಡದಲ್ಲಿ ಈ ಪರಂಪರೆಯು ಇಪ್ಪತ್ತನೆಯ ಶತಮಾನದಲ್ಲಿ ಹೊಸ ರೂಪ ತಳೆಯಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿಯನ್ನು ರಚಿಸಿದಾಗ, ಅದ್ಭುತಗಳನ್ನು ತೋರಿಸುತ್ತೇವೆ ಎನ್ನುವವರು ಪರೀಕ್ಷೆಗೆ ಒಪ್ಪಬೇಕೆಂಬ ಸಮಂತಭದ್ರನ ಕಾಲದ ಬೇಡಿಕೆಯೇ ಪ್ರಯೋಗಶಾಲೆಯ ಭಾಷೆಯಲ್ಲಿ ಮರುದನಿ ಪಡೆಯಿತು. ಪ್ರಬಂಧಕಾರ ಎ.ಎನ್. ಮೂರ್ತಿರಾಯರು ತೊಂಬತ್ತರ ವಯಸ್ಸಿನಲ್ಲಿ ಪ್ರಕಟಿಸಿದ ‘ದೇವರು’ ಎಂಬ ಗ್ರಂಥವು ದೇವರಿದ್ದಾನೆಂಬುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳನ್ನು ಸಾವಧಾನವಾಗಿ ಎತ್ತಿಕೊಂಡು, ಅವು ತಮಗೆ ಸಾಲವೆಂದು ಸೌಮ್ಯವಾದ ಮಾತುಗಳಲ್ಲಿ ತಿಳಿಸುತ್ತದೆ. ಇಲ್ಲಿ ಪೂರ್ವಪಕ್ಷದ ಸ್ಥಾನದಲ್ಲಿ ನಿಂತಿರುವುದು ಆಸ್ತಿಕರ ಮತ, ಅದನ್ನು ಗೌರವದಿಂದ ಮಂಡಿಸುವ ಹೊಣೆ ಸಂಶಯಿಯದು. ಆ ಹೊಣೆಯನ್ನು ಮೂರ್ತಿರಾಯರು ನಿಷ್ಠೆಯಿಂದ ನಿರ್ವಹಿಸಿದರು. ಕರ್ನಾಟಕ ಸರ್ಕಾರವು ಆ ಗ್ರಂಥಕ್ಕೆ ಪಂಪನ ಹೆಸರಿನ ಪ್ರಶಸ್ತಿಯನ್ನೇ ನೀಡಿತು.

ಈ ದೀರ್ಘ ಚರಿತ್ರೆಯಿಂದ ಹೊರಡುವ ಮಾತು ಆಸ್ತಿಕರಿಗೂ ನಾಸ್ತಿಕರಿಗೂ ಸಮನಾಗಿ ಸಲ್ಲುತ್ತದೆ. ಬೇರೆಯವರ ಮಾತನ್ನು ಪರೀಕ್ಷಿಸದೆ ಒಪ್ಪಬಾರದೆಂದ ಲೋಕಾಯತರ ಬಗೆಗೆ ಇಂದು ತಿಳಿದಿರುವುದೆಲ್ಲ ಬೇರೆಯವರ ಮಾತಿನಿಂದಲೇ ತಿಳಿದದ್ದು. ಆದ್ದರಿಂದ ಆ ಮಾತು ಆಡಿದವರ ಪ್ರಾಮಾಣಿಕತೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಆಧಾರ. ಕಮಲಶೀಲ, ಜಯಂತಭಟ್ಟ, ಜಿನಸೇನ, ಪಂಪ, ಜನ್ನರಂಥವರು ತಾವು ಒಪ್ಪದ ಮತವನ್ನು ಅದರ ಕಾರಣಗಳೊಡನೆ ಹೇಳಿದಲ್ಲಿ ಆ ವಿಚಾರವು ಬದುಕಿ ಉಳಿದಿದೆ, ಅವರ ಉತ್ತರಗಳಿಗೂ ತೂಕ ಬಂದಿದೆ. ಎದುರಾಳಿಯನ್ನು ರಾಕ್ಷಸನನ್ನಾಗಿಯೋ ತುಪ್ಪಕ್ಕೆ ಆಸೆಪಟ್ಟವನನ್ನಾಗಿಯೋ ಮಾಡಿದಲ್ಲಿ ಪ್ರಶ್ನೆಯೂ ಉತ್ತರವೂ ಒಟ್ಟಿಗೆ ಬಡವಾಗಿವೆ. ಸಾವಿನ ಆಚೆಗೆ ಏನಿದೆ ಎಂಬ ಪ್ರಶ್ನೆಯಲ್ಲಿ ಒಮ್ಮತ ಮೂಡುವ ಸೂಚನೆಯು ನಚಿಕೇತನ ಕಾಲದಲ್ಲಿಯೂ ಇರಲಿಲ್ಲ, ಇಂದಿಗೂ ಇಲ್ಲ. ಒಮ್ಮತವಿಲ್ಲದ ವಿಷಯಗಳಲ್ಲಿ ಒಂದು ಸಮಾಜವು ತನ್ನ ಸಂಶಯಿಗಳ ಮಾತನ್ನು ಎಷ್ಟು ಸರಿಯಾಗಿ ಕೇಳಿಸಿಕೊಂಡು, ಎಷ್ಟು ಸರಿಯಾಗಿ ಮತ್ತೊಬ್ಬರಿಗೆ ತಲುಪಿಸುತ್ತದೆ ಎಂಬುದೇ ಅದರ ವಿದ್ಯೆಯ ಪರೀಕ್ಷೆ. ಕನ್ನಡದ ಹಳೆಯ ಕವಿಗಳೂ ವಾದಿಗಳೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಉದಾಹರಣೆಗಳನ್ನು ಇಂದಿನವರಿಗೆ ಬಿಟ್ಟುಹೋಗಿದ್ದಾರೆ.